ಮಗುವಿನ ಅಲರ್ಜಿ ರಿಪೋರ್ಟು: ಮನೆಮಂದಿಗೆ ಬಳಕೆಯ ಕೈಪಿಡಿ

ಲ್ಯಾಬಿನ ಕವರ್ ಒಡೆಯುವ ಮುನ್ನ ಓದಿ. ವಾಟ್ಸಾಪಿಗೆ ಬಂದಿದ್ದರೆ, ಸೋದರತ್ತೆಗೆ ಫಾರ್ವರ್ಡ್ ಮಾಡುವ ಮುನ್ನ ಓದಿ. ಆಮೇಲೆ ಓದಿ ಪ್ರಯೋಜನವಿಲ್ಲ.

ಕವರಿನೊಳಗೆ ಇರುವುದು: ಎಇಸಿ ಎಂಬ ಒಂದು ಸಂಖ್ಯೆ, ಟೋಟಲ್ ಐಜಿಇ ಎಂಬ ಇನ್ನೊಂದು, ದುಬಾರಿ ಪ್ಯಾಕೇಜಿಗೆ ದುಡ್ಡು ಕಟ್ಟಿದ್ದರೆ ಧೂಳುಹುಳದಿಂದ ಬದನೆಕಾಯಿವರೆಗಿನ ಪಟ್ಟಿ. ಇಲ್ಲದಿರುವುದು: ಮಗುವಿಗೆ ಅಸ್ತಮಾ ಇದೆಯೇ ಎಂಬ ಪ್ರಶ್ನೆಗೆ ಉತ್ತರ. ಲ್ಯಾಬಿನವರು ಹಾಕಲು ಮರೆತಿದ್ದಾರೆಂದು ಫೋನ್ ಮಾಡಬೇಡಿ.

ಮೊದಲು ದಪ್ಪಕ್ಷರದ ಸಂಖ್ಯೆಗಳನ್ನು ಹುಡುಕಿ, ಗಾಬರಿಯಾಗಿ. ಎಇಸಿ ಎಂದರೆ ಇಯೋಸಿನೋಫಿಲ್‌ಗಳ ಲೆಕ್ಕ. ಇಯೋಸಿನ್ ಬಣ್ಣ ಹಾಕಿದರೆ ಕೆಂಪೇರುವ ಈ ಬಿಳಿ ರಕ್ತಕಣಕ್ಕೆ 1879ರಲ್ಲಿ ಹೆಸರಿಟ್ಟವನು ಪಾಲ್ ಎರ್ಲಿಕ್. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸುಮಾರು 500 ದಾಟಿದರೆ ಜಾಸ್ತಿ ಎನ್ನುತ್ತಾರೆ. ಅಲರ್ಜಿಯಿದ್ದರೆ ಏರುತ್ತವೆ. ಹೊಟ್ಟೆಯಲ್ಲಿ ಜಂತುಹುಳ ಇದ್ದರೂ ಏರುತ್ತವೆ. ಆದ್ದರಿಂದ 800 ಕಂಡ ಕೂಡಲೇ ನಾಯಿಮರಿಯನ್ನು ಮನೆಯಿಂದ ಹೊರಹಾಕುವ ಬದಲು, ಶಾಲೆಯಲ್ಲಿ ಕೊಟ್ಟ ಆಲ್ಬೆಂಡಜೋಲ್ ಮಾತ್ರೆಯನ್ನು ಮಗು ನುಂಗಿತೋ ಕಿಟಕಿಯಾಚೆ ಎಸೆಯಿತೋ ವಿಚಾರಿಸಿ.

ಸಂಖ್ಯೆ ಇಳಿಸಬೇಕೆ? ಸುಲಭ. ರಾತ್ರಿ ಉಬ್ಬಸ ಬಂದಾಗ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಸಿರಪ್ ಕುಡಿಸಿರುತ್ತಾರೆ. ಮರುದಿನ ರಕ್ತ ಕೊಡಿ. ಆ ಔಷಧಿಗೆ ಇಯೋಸಿನೋಫಿಲ್‌ಗಳು ಕೆಲವೇ ಗಂಟೆಗಳಲ್ಲಿ ರಕ್ತದಿಂದ ಕಾಲ್ತೆಗೆಯುತ್ತವೆ. ರಿಪೋರ್ಟು ನಾರ್ಮಲ್. ಅಜ್ಜಿ ಪೇಡ ಹಂಚಬಹುದು, ಮಗು ಕೆಮ್ಮುತ್ತಲೇ ತಿನ್ನಬಹುದು.

ಇನ್ನು ಐಜಿಇ. 1960ರ ದಶಕದಲ್ಲಿ ಅಮೆರಿಕದ ಡೆನ್ವರಿನಲ್ಲಿ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್ ಬೇರೆಬೇರೆಯಾಗಿ ಪತ್ತೆಮಾಡಿದ ಪ್ರತಿಕಾಯ ಇದು. ವಯಸ್ಸಿನ ಜೊತೆ ಬದಲಾಗುತ್ತದೆ, ಜಂತುಹುಳಕ್ಕೂ ಏರುತ್ತದೆ. ಟೋಟಲ್ ಐಜಿಇ ಸಾವಿರ ದಾಟಿದವನು ಓಟದ ಸ್ಪರ್ಧೆಯಲ್ಲಿ ಗೆದ್ದು ಬರಬಹುದು. ನಾರ್ಮಲ್ ಇರುವವಳು ರಾತ್ರಿಯಿಡೀ ಸುಯ್‌ಗುಟ್ಟಬಹುದು.

ಪಟ್ಟಿಗೆ ಬನ್ನಿ. ಮಧ್ಯದಲ್ಲೆಲ್ಲೋ ಸಿಗಡಿ ಪಾಸಿಟಿವ್ ಎಂದಿರುತ್ತದೆ. ನಿಮ್ಮದೋ ಈರುಳ್ಳಿ ಹೆಚ್ಚಲೂ ಪಂಚಾಂಗ ನೋಡುವ ಮನೆ. ಮಗುವಿಗೆ ಸಿಗಡಿ ತಿನ್ನಿಸಿದವರಾರು ಎಂಬ ವಿಚಾರಣೆ ಶುರುವಾಗಲಿ. ಮೊದಲ ಅನುಮಾನ ಪಕ್ಕದ ಮನೆಯ ಮಂಗಳೂರಿನವರ ಮೇಲೆ. ಸಾಕ್ಷಿ ಸಿಗುವುದಿಲ್ಲ. ಸಿಗಡಿಯಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನನ್ನೇ ಬಹುಪಾಲು ಹೋಲುವ ಪ್ರೋಟೀನು ಹಾಸಿಗೆಯ ಧೂಳುಹುಳದಲ್ಲಿದೆ, ಜಿರಳೆಯಲ್ಲೂ ಇದೆ. ಅವುಗಳ ವಿರುದ್ಧ ಮಗುವಿನ ಮೈ ತಯಾರಿಸಿಕೊಂಡ ಐಜಿಇ, ಟೆಸ್ಟಿನಲ್ಲಿ ಸಿಗಡಿಗೂ ಅಂಟಿಕೊಂಡಿರಬಹುದು. ಪಕ್ಕದ ಮನೆಯವರ ಕ್ಷಮೆ ಕೇಳಿ, ಸಿಂಕಿನ ಕೆಳಗೆ ಟಾರ್ಚ್ ಹಾಕಿ ನೋಡಿ.

ಪಾಸಿಟಿವ್ ಎಂದರೆ ಮೈ ಆ ವಸ್ತುವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ. ಅದರಿಂದ ಮಗುವಿಗೆ ತೊಂದರೆಯಾಗುತ್ತಿದೆಯೇ ಎಂಬುದನ್ನು ಮಗುವನ್ನೇ ನೋಡಿ ತಿಳಿಯಬೇಕು. ನಿನ್ನೆವರೆಗೆ ಚಪ್ಪರಿಸಿ ತಿಂದು ಆರಾಮಾಗಿದ್ದ ಮೊಸರು, ಬಾಳೆಹಣ್ಣು, ಕಡಲೆಬೀಜವನ್ನೆಲ್ಲ ಪಟ್ಟಿ ನೋಡಿ ನಿಲ್ಲಿಸಿದರೆ ಉಬ್ಬಸ ಹಾಗೇ ಉಳಿದು ತೂಕ ಮಾತ್ರ ಇಳಿದೀತು.

ಹಾಗಾದರೆ ಸೂಜಿ ಚುಚ್ಚಿಸಿದ್ದು ದಂಡವೇ? ಅಲ್ಲ. ಪದೇಪದೇ ಸುಯ್‌ಗುಟ್ಟುವ ಪುಟ್ಟ ಮಗುವಿನಲ್ಲಿ ಮುಂದೆ ಅಸ್ತಮಾ ಉಳಿದೀತೇ ಎಂದು ಅಂದಾಜಿಸುವ, 2000ದಲ್ಲಿ ಪ್ರಕಟವಾದ ಸೂಚ್ಯಂಕದಲ್ಲಿ ರಕ್ತದ ಇಯೋಸಿನೋಫಿಲ್ ಶೇ. 4 ಅಥವಾ ಹೆಚ್ಚಿರುವುದೂ ಒಂದು ಅಂಶ. ಅಪ್ಪ ಅಮ್ಮನ ಅಸ್ತಮಾಕ್ಕೆ, ಮಗುವಿನ ಎಕ್ಜಿಮಾಕ್ಕೆ ಅದಕ್ಕಿಂತ ಹೆಚ್ಚು ತೂಕ. ಯಾವ ಇನ್ಹೇಲರ್ ಪಂಪಿಗೂ ಬಗ್ಗದ ತೀವ್ರ ಅಲರ್ಜಿ ಅಸ್ತಮಾಕ್ಕೆ ಒಮಾಲಿಜುಮ್ಯಾಬ್ ಇಂಜೆಕ್ಷನ್ ಕೊಡುವಾಗ ಡೋಸ್ ನಿರ್ಧಾರವಾಗುವುದೇ ಐಜಿಇ ಮತ್ತು ತೂಕ ನೋಡಿ. ಸಂಖ್ಯೆಗೆ ಕೆಲಸವಿದೆ, ಕೇಳುವ ಪ್ರಶ್ನೆ ಸರಿಯಿರಬೇಕು.

ಡಾಕ್ಟರ ಬಳಿ ಹೋಗುವಾಗ ರಿಪೋರ್ಟಿನ ಜೊತೆ ಒಂದು ಹಳೇ ನೋಟ್‌ಬುಕ್ ಒಯ್ಯಿರಿ. ವಾರದಲ್ಲಿ ಎಷ್ಟು ರಾತ್ರಿ ಕೆಮ್ಮಿ ಎದ್ದ, ಪಿಟಿ ಪೀರಿಯಡ್ಡಿನಲ್ಲಿ ಯಾವಾಗ ಕೂತುಬಿಟ್ಟ, ಅಟ್ಟದ ಕಂಬಳಿ ಕೊಡವಿದ ದಿನ ಏನಾಯಿತು, ಎಲ್ಲ ಅದರಲ್ಲಿರಲಿ. ಪಂಪು, ಸ್ಪೇಸರ್ ಕೂಡ ಒಯ್ದು ಅವರೆದುರೇ ಎಳೆದು ತೋರಿಸಿ. ಮಾಸ್ಕ್ ಮುಖಕ್ಕೆ ಒತ್ತಿ ಕೂರದೆ ಕೆನ್ನೆಯ ಪಕ್ಕದಿಂದ ಔಷಧಿ ಸೋರಿಹೋಗುವುದು ಅಲ್ಲಿ ಕಾಣುತ್ತದೆ.

ಎಚ್ಚರಿಕೆ (ಇದು ತಮಾಷೆಯಲ್ಲ): ಉಸಿರೆಳೆದಾಗ ಪಕ್ಕೆಲುಬಿನ ಸಂದು ಒಳಸೇದಿದರೆ, ಒಂದು ವಾಕ್ಯ ಆಡುವಷ್ಟರಲ್ಲಿ ದಮ್ಮು ಕಟ್ಟಿದರೆ, ತುಟಿ ನೀಲಿಗಟ್ಟಿದರೆ, ಡಾಕ್ಟರು ಹೇಳಿಕೊಟ್ಟ ತುರ್ತಿನ ಪಂಪಿನ ಪಫ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ರಿಪೋರ್ಟಿನ ಫೈಲು ಎಲ್ಲಿದೆ ಎಂದು ಬೀರು ತಡಕುತ್ತ ನಿಲ್ಲಬೇಡಿ.