ಕ್ಯಾಲೆಂಡರ್ ಶಾನುಭೋಗರು

ಶಾನುಭೋಗಿಕೆ 1963ಕ್ಕೇ ಮುಗಿಯಿತು ಎಂದು ಸರ್ಕಾರ ನಂಬಿಕೊಂಡಿದೆ. 1961ರ ಕಾಯ್ದೆಯನ್ನು ತಡೆದು ಜಾರಿಗೆ ತಂದು, ಅಪ್ಪನಿಂದ ಮಗನಿಗೆ ಬರುತ್ತಿದ್ದ ಹುದ್ದೆ ರದ್ದು ಮಾಡಿ, ಕಡತ ಕಸಿದುಕೊಂಡದ್ದೇನೋ ನಿಜ. ಆದರೆ ಶಾನುಭೋಗರು ಆಮೇಲೆ ಎಲ್ಲಿಗೆ ಹೋದರು ಎಂದು ಯಾರೂ ವಿಚಾರಿಸಲಿಲ್ಲ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಯಾವುದಾದರೂ ಗಾಜಿನ ಕಟ್ಟಡ ಹೊಕ್ಕು ನೋಡಿ. ಸಾಹೇಬರ ಕ್ಯಾಬಿನ್ನಿಗೂ ಕಾಫಿ ಮಷೀನಿಗೂ ನಡುವೆ, ಎರಡೂ ಕಡೆಯ ಓಡಾಟ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತಿರುತ್ತಾರೆ. ಕೊರಳಪಟ್ಟಿಯಲ್ಲಿ ಪ್ರಾಜೆಕ್ಟ್ ಕೋಆರ್ಡಿನೇಟರ್ ಎಂದಿರುತ್ತದೆ. ಅದನ್ನು ನಂಬಬೇಡಿ. ಅವರ ಕೆಲಸ ಸಾಹೇಬರ ಕ್ಯಾಲೆಂಡರ್ ನೋಡಿಕೊಳ್ಳುವುದು.

ಹಳೆಯ ಶಾನುಭೋಗರ ಕೈಯಲ್ಲಿ ಊರಿನ ಜಮೀನಿತ್ತು. ಯಾವ ತುಂಡು ಯಾರ ಹೆಸರಲ್ಲಿದೆ, ಯಾವಾಗ ಯಾರ ಹೆಸರಿಗೆ ಹೋದೀತು ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ಇವರ ಕೈಯಲ್ಲಿರುವುದು ಸಾಹೇಬರ ಹೊತ್ತು. ಅಂದು ಗುಂಟೆ, ಇಂದು ಗಂಟೆ, ಒತ್ತುವರಿ ಮಾತ್ರ ಎರಡರಲ್ಲೂ ಇದೆ.

ಅಧಿಕಾರ ಕೈಬದಲಾಗುವುದು ಎರಡು ನಿಮಿಷದ ಕೆಲಸ. ಔಟ್‌ಲುಕ್‌ನಲ್ಲಿ ಮೂರು ದರ್ಜೆಗಳಿವೆ. ಮೊದಲನೆಯವರು ಬರೀ ಓದಬಹುದು, ಎರಡನೆಯವರು ಹೊಸದು ಸೇರಿಸಬಹುದು, ಮೂರನೆಯವರು ಇದ್ದದ್ದನ್ನೂ ತಿದ್ದಬಹುದು. ತಿಳಿದವರು ಮೊದಲನೆಯದರಿಂದ ಶುರು ಮಾಡಬೇಕು. ಆದರೆ ತಮ್ಮ ದಿನವನ್ನು ಇನ್ನೊಬ್ಬರ ಕೈಗೆ ಕೊಡುವಷ್ಟು ಸುಸ್ತಾದವರಿಗೆ ಮೂರು ಸಾಲು ಓದುವ ವ್ಯವಧಾನ ಎಲ್ಲಿಯದು? ಕೊನೆಯದನ್ನೇ ಒತ್ತಿ, ಕೆಳಗಿರುವ ಚಿಕ್ಕ ಚೌಕಕ್ಕೂ ಒಂದು ಟಿಕ್ ಹಾಕುತ್ತಾರೆ. ‘ಖಾಸಗಿ’ ಎಂದು ಗುರುತು ಮಾಡಿಟ್ಟದ್ದನ್ನೂ ಇವರು ನೋಡಲಿ ಎಂದು ಒಪ್ಪಿಗೆ ಕೊಡುವ ಚೌಕ ಅದು.

ಅಂದಿನಿಂದ ಸಾಹೇಬರ ಸಕ್ಕರೆ ಕಾಯಿಲೆ, ಮಗಳ ಟ್ಯೂಷನ್ನು, ಭಾವಮೈದುನನ ಜೊತೆಗಿನ ಸೈಟಿನ ತಕರಾರು ಎಲ್ಲ ಶಾನುಭೋಗರ ದಫ್ತರಿಗೆ ಸೇರಿತು. ಸಾಹೇಬರು ಒಮ್ಮೆ ಬೇರೆ ಕಂಪನಿಯ ಇಂಟರ್‌ವ್ಯೂಗೆ ಹೊರಟು ಕ್ಯಾಲೆಂಡರಿನಲ್ಲಿ ‘ಡೆಂಟಿಸ್ಟ್’ ಎಂದು ಬರೆದಿದ್ದರು. ಮುಂದಿನ ವಾರ ಮತ್ತೆ ಡೆಂಟಿಸ್ಟ್. ಅದರಾಚೆಯ ಸೋಮವಾರ ಇನ್ನೊಮ್ಮೆ. ಶಾನುಭೋಗರು ಫೈಲು ಇಡುವ ನೆಪದಲ್ಲಿ ಒಳಗೆ ಬಂದು, ಬಾಗಿಲು ಹಾಕಿ, ತಗ್ಗಿದ ದನಿಯಲ್ಲಿ ಕೇಳಿದರಂತೆ: “ಹಲ್ಲು ಎಷ್ಟನೇ ರೌಂಡಿಗೆ ಬಂತು ಸಾರ್? ಎಚ್‌.ಆರ್. ರೌಂಡ್ ಇದ್ರೆ ಹೇಳಿ, ಮಧ್ಯಾಹ್ನ ಪೂರ್ತಿ ಖಾಲಿ ಮಾಡಿಡ್ತೀನಿ.”

ಇವರು ಒಪ್ಪಿದ ಆಹ್ವಾನ, ತಳ್ಳಿದ ಆಹ್ವಾನ ಎಲ್ಲವೂ ‘ಸಾಹೇಬರ ಪರವಾಗಿ’ ಎಂಬ ಸಾಲು ಹೊತ್ತೇ ಹೋಗುತ್ತವೆ. ಮೊದಮೊದಲು ಶಾನುಭೋಗರು “ಸಾರ್ ಗುರುವಾರ ಬಿಜಿ” ಎನ್ನುತ್ತಿದ್ದರು. ಆರು ತಿಂಗಳಲ್ಲಿ ಅದು “ನಾವು ಗುರುವಾರ ಬಿಜಿ” ಆಯಿತು. ಈಗ ಸಾಹೇಬರೇ ಬಾಗಿಲಿನಿಂದ ಇಣುಕಿ, “ಗುರುವಾರ ನಾನು ಫ್ರೀ ಇದೀನೇನ್ರೀ?” ಎಂದು ಕೇಳುತ್ತಾರೆ. ಶಾನುಭೋಗರು ಪರದೆಯಿಂದ ಕಣ್ಣು ಕೀಳದೆ, “ನೋಡೋಣ” ಎನ್ನುತ್ತಾರೆ.

ಆ ‘ನೋಡೋಣ’ದ ತೂಕ ಅರಿತವರು ಸಾಹೇಬರಿಗೆ ನಮಸ್ಕಾರ ಹಾಕಿ ಹೊತ್ತು ಕಳೆಯುವುದಿಲ್ಲ. ಹುಬ್ಬಳ್ಳಿಯಿಂದ ಬಂದ ಟೀಮಿನವರು ಧಾರವಾಡ ಪೇಡೆಯ ಡಬ್ಬಿಯನ್ನು ನೇರ ಇವರ ಮೇಜಿನ ಮೇಲಿಡುತ್ತಾರೆ. ಮೈಸೂರಿನವರು ಬರುವ ದಾರಿಯಲ್ಲಿ ಮದ್ದೂರಿನಲ್ಲಿ ಇಳಿದು ವಡೆ ಕಟ್ಟಿಸಿಕೊಂಡಿರುತ್ತಾರೆ. ಶಾನುಭೋಗರು ಲಂಚ ಮುಟ್ಟುವವರಲ್ಲ, ವಡೆ ಮುಟ್ಟುತ್ತಾರೆ. ತಿಂದು, ಕೈ ಒರೆಸಿ, ಯಾರದೋ ಒಂದು ಗಂಟೆಯ ಸಭೆಯಲ್ಲಿ ಹದಿನೈದು ನಿಮಿಷ ಕತ್ತರಿಸಿ ಕೊಡುತ್ತಾರೆ. ಕಳೆದುಕೊಂಡವರಿಗೆ ‘ಏಜೆಂಡಾ ಸಣ್ಣದಿದೆ’ ಎಂದು ಒಂದು ಸಾಲಿನ ಮೇಲ್ ಹೋಗುತ್ತದೆ. ಅದೂ ಸಾಹೇಬರ ಪರವಾಗಿಯೇ.

ಯಾವುದೋ ಮ್ಯಾನೇಜ್‌ಮೆಂಟ್ ಪುಸ್ತಕ ಓದಿದ ಸಾಹೇಬರು ವಾರಕ್ಕೆ ಎರಡು ಗಂಟೆ ‘ಯೋಚನೆಗೆ’ ಎಂದು ಮೀಸಲಿಡಲು ಹೇಳಿದರು. ಶಾನುಭೋಗರು ಬುಧವಾರ ಮೂರರಿಂದ ಐದು, ನೀಲಿ ಬಣ್ಣದಲ್ಲಿ, ಚೆನ್ನಾಗಿಯೇ ಹಾಕಿದರು. ಈಗ ಎಲ್ಲೂ ಜಾಗ ಸಿಗದವರನ್ನೆಲ್ಲ ಅಲ್ಲಿಗೇ ಕಳಿಸುತ್ತಾರೆ: “ಹೋಗಿ ಕೂತ್ಕೊಳ್ಳಿ, ಸುಮ್ನೆ ಯೋಚನೆ ಮಾಡ್ತಿರ್ತಾರೆ ಅಷ್ಟೆ.” ಊಟಕ್ಕೆ ಇಪ್ಪತ್ತು ನಿಮಿಷ. ಮೊಸರನ್ನ ಬೇಕಿದ್ದರೆ ಇಪ್ಪತ್ತೈದು.

ತಮ್ಮ ಅಪ್ರೈಸಲ್ ಸಭೆಯನ್ನೂ ಶಾನುಭೋಗರೇ ಗೊತ್ತು ಮಾಡುತ್ತಾರೆ. ಅದು ತಿಂಗಳ ಮೊದಲ ವಾರ, ಸಂಬಳ ಬಂದ ಮಾರನೆಯ ದಿನ, ಊಟವಾದ ಮೇಲೆ. ಹಿಂದೆ ಮುಂದೆ ಒಂದೊಂದು ಗಂಟೆ ಪೂರ್ತಿ ಬಿಡುವು, ಸಾಹೇಬರ ಮುಖದಲ್ಲಿ ವರ್ಷಕ್ಕೊಮ್ಮೆ ಕಾಣುವ ಶಾಂತಿ. ಶಾನುಭೋಗರ ರೇಟಿಂಗ್ ಎಂದೂ ಕೆಳಗಿಳಿದದ್ದಿಲ್ಲ.

ಹೀಗೆಂದ ಮಾತ್ರಕ್ಕೆ ಅವರ ವಿದ್ಯೆಯನ್ನು ಕಡೆಗಣಿಸಬಾರದು. ಮಾರ್ಚ್ ತಿಂಗಳಲ್ಲಿ ನೋಡಬೇಕು ಅವರನ್ನು. ಅಮೆರಿಕದವರು ಆ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಇಂಗ್ಲೆಂಡಿನವರು ಕೊನೆಯ ಭಾನುವಾರ. ನಮ್ಮ ಗಡಿಯಾರಕ್ಕೆ ಇದ್ಯಾವುದೂ ಇಲ್ಲ. ಕ್ಯಾಲಿಫೋರ್ನಿಯಾ ನಮಗಿಂತ 13 ಗಂಟೆ 30 ನಿಮಿಷ ಹಿಂದಿದ್ದದ್ದು ರಾತ್ರೋರಾತ್ರಿ 12 ಗಂಟೆ 30 ನಿಮಿಷಕ್ಕೆ ಬರುತ್ತದೆ. ಲಂಡನ್ನು ಮಾತ್ರ ಎರಡೋ ಮೂರೋ ವಾರ ಇದ್ದಲ್ಲೇ ಇರುತ್ತದೆ. ಆ ವಾರಗಳಲ್ಲಿ ಇಡೀ ಮಹಡಿಯಲ್ಲಿ ಯಾರು ಯಾವಾಗ ಯಾರೊಡನೆ ಮಾತಾಡಬೇಕೆಂದು ತಿಳಿದವರು ಶಾನುಭೋಗರೊಬ್ಬರೇ. ಒಂದು ಮಾರ್ಚಿನಲ್ಲಿ ಅವರು ಧರ್ಮಸ್ಥಳಕ್ಕೆ ಹೋಗಿದ್ದಾಗ, ಸಾಹೇಬರು ರಾತ್ರಿ ಖಾಲಿ ಕರೆಯಲ್ಲಿ ಮುಕ್ಕಾಲು ಗಂಟೆ “ಹಲೋ, ಕೇಳಿಸ್ತಿದೆಯಾ?” ಎನ್ನುತ್ತ ಕೂತಿದ್ದರು. ಆಮೇಲೆ ದರ್ಶನದ ಸಾಲಿನಲ್ಲಿದ್ದವರಿಗೇ ಫೋನ್ ಹೋಯಿತು.

ಗಡಿಯಾರಗಳ ಈ ಜಗಳ ಬಿಡಿಸುವವರಿಗೆ ರಾಹುಕಾಲ ಯಾವ ಲೆಕ್ಕ? ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ಸಾಹೇಬರ ಕ್ಯಾಲೆಂಡರಿನಲ್ಲಿ ಪ್ರತಿವಾರ ‘ಆರ್.ಕೆ. ರಿವ್ಯೂ’ ಎಂದಿರುತ್ತದೆ. ಯಾರೂ ಬರುವುದಿಲ್ಲ, ಯಾರಿಗೂ ಆಹ್ವಾನವಿಲ್ಲ. ಸಾಹೇಬರು ಅದನ್ನು ತಮಗೆ ಮರೆತುಹೋದ ಯಾವುದೋ ದೊಡ್ಡ ಪ್ರಾಜೆಕ್ಟ್ ಎಂದುಕೊಂಡು, ಕೇಳಿದರೆ ಮಾನ ಹೋದೀತೆಂದು ಸುಮ್ಮನಿದ್ದರು.

ಕೇಳಿದ್ದು ಕ್ಯಾಲಿಫೋರ್ನಿಯಾದ ದೊಡ್ಡ ಸಾಹೇಬರು. ಇಷ್ಟು ಶಿಸ್ತಾಗಿ, ಒಂದು ವಾರವೂ ಮುಂದೆ ಹೋಗದೆ ನಡೆಯುವ ಸಭೆ ತಮ್ಮ ಕಂಪನಿಯಲ್ಲಿ ಇನ್ನೊಂದಿಲ್ಲ, ಈ ಆರ್.ಕೆ. ಯಾರು, ತಮ್ಮನ್ನೂ ಸೇರಿಸಿಕೊಳ್ಳಿ ಎಂದು ಬರೆದರು. ನಮ್ಮ ಸಾಹೇಬರ ಕೈಕಾಲು ತಣ್ಣಗಾಯಿತು. ಶಾನುಭೋಗರು ಮಾತ್ರ ಸಾವಕಾಶವಾಗಿ ಕನ್ನಡಕ ಒರೆಸಿಕೊಂಡು, ಸಾಹೇಬರ ಪರವಾಗಿ ಉತ್ತರ ಬರೆದರು: ಇದು ಅಪಾಯ ನಿರ್ವಹಣೆಯ ಕ್ರಮ. ವಾರಕ್ಕೊಮ್ಮೆ, ಗೊತ್ತಾದ ಒಂದೂವರೆ ಗಂಟೆ, ನಾವು ಹೊಸ ಕೆಲಸ ಯಾವುದನ್ನೂ ಶುರು ಮಾಡುವುದಿಲ್ಲ, ಹಳೆಯದನ್ನಷ್ಟೇ ಮುಂದುವರಿಸುತ್ತೇವೆ. ಇದು ನಮ್ಮಲ್ಲಿ ಬಹಳ ಕಾಲದಿಂದ ಪರೀಕ್ಷೆಗೊಳಗಾದ ಪದ್ಧತಿ.

ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ ಎಂಬುದನ್ನು ಗಮನಿಸಬೇಕು.

ದೊಡ್ಡ ಸಾಹೇಬರು ಮೆಚ್ಚಿದರು. ಎಲ್ಲ ದೇಶದ ಟೀಮುಗಳೂ ಮುಂದಿನ ತಿಂಗಳಿನಿಂದ ಇದನ್ನು ಪಾಲಿಸಲಿ ಎಂದು ಸುತ್ತೋಲೆ ಹೊರಟಿತು. ನಮ್ಮ ಸಾಹೇಬರು ಇನ್ನೇನು ಉಸಿರು ಬಿಡಬೇಕು, ಶಾನುಭೋಗರು ಒಂದು ಶೀಟ್ ಹಿಡಿದು ಒಳಗೆ ಬಂದರು.

“ಸಾರ್, ಒಂದೂವರೆ ಗಂಟೆ ಅನ್ನೋದು ಆರಕ್ಕೆ ಸೂರ್ಯ ಹುಟ್ಟಿ ಆರಕ್ಕೆ ಮುಳುಗೋ ಲೆಕ್ಕ. ಹಗಲಿನ ಎಂಟನೇ ಒಂದು ಭಾಗ ತಾನೇ? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೂನ್ ತಿಂಗಳಲ್ಲಿ ಹಗಲು ಹದಿನಾಲ್ಕೂಮುಕ್ಕಾಲು ಗಂಟೆ. ಅಲ್ಲಿಯವರಿಗೆ ಒಂದು ಗಂಟೆ ಐವತ್ತು ನಿಮಿಷ ಆಗತ್ತೆ. ಬೇರೆ ಇನ್ವೈಟ್ ಕಳಿಸ್ಲಾ, ಇಲ್ಲ ನಮ್ಮದರಲ್ಲೇ ಇಪ್ಪತ್ತು ನಿಮಿಷ ಎಳೀಲಾ?”