ಕಾರ್ಡು ನಿರಾಕೃತರಿಗೊಂದು ಬಿನ್ನವತ್ತಳೆ

ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ವೇದಿಕೆಯಲ್ಲಿ ಜಾಗ ಸಾಲದೆ ಕೆಳಗೆ ಕುಳಿತಿರುವ ಇನ್ನಷ್ಟು ಗಣ್ಯರೇ, ಎರಡನೇ ಸಾಲಿನಲ್ಲಿ ಕೈಕಟ್ಟಿ ಕುಳಿತು ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ಸನ್ಮಾನಿತರ ಧರ್ಮಪತ್ನಿಯವರೇ, ಸಭಿಕ ಬಂಧುಗಳೇ,

ನಮ್ಮ ಬಡಾವಣೆಯಲ್ಲಿ ಸನ್ಮಾನಕ್ಕೆ ಬರವಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ತೆಗೆದ ಮಕ್ಕಳಿಗೆ ಮಾಡಿದ್ದೇವೆ, ನಿವೃತ್ತರಾದವರಿಗೆ ಮಾಡಿದ್ದೇವೆ, ಅಮೆರಿಕಕ್ಕೆ ಹೊರಟವರಿಗೂ ಅಲ್ಲಿಂದ ವಾಪಸು ಬಂದವರಿಗೂ ಅದೇ ಪೇಟ ತೊಡಿಸಿದ್ದೇವೆ. ಆದರೆ ಬ್ಯಾಲೆನ್ಸ್ ಟ್ರಾನ್ಸ್‌ಫರ್‌ಗೆಂದು ಕ್ರೆಡಿಟ್ ಕಾರ್ಡಿನ ಅರ್ಜಿ ಹಾಕಿ, 'ಸದ್ಯಕ್ಕೆ ನಿಮ್ಮ ಕೋರಿಕೆಯನ್ನು ಮನ್ನಿಸಲಾಗುತ್ತಿಲ್ಲ' ಎನ್ನಿಸಿಕೊಂಡವರನ್ನು ಕರೆದು ಒಂದು ಹಾರ ಹಾಕುವ ಔದಾರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ. ಆ ಕೊರತೆ ನೀಗಿಸಲು ಹುಟ್ಟಿದ್ದು ನಮ್ಮ ಸಂಘ. ಸಂಘಕ್ಕೆ ಇನ್ನೂ ಹೆಸರಿಟ್ಟಿಲ್ಲ. ನೋಂದಣಿ ಶುಲ್ಕವನ್ನು ಯಾರ ಕಾರ್ಡಿನಲ್ಲಿ ಉಜ್ಜುವುದೆಂಬ ಚರ್ಚೆ ಮುಗಿದಿಲ್ಲ. ಸನ್ಮಾನಿತರ ಹೆಸರನ್ನೂ ಹೇಳುವಂತಿಲ್ಲ, ಅವರ ಮನೆಯವರ ಕಟ್ಟಪ್ಪಣೆಯಾಗಿದೆ. ರಾಯರು ಎಂದಿಟ್ಟುಕೊಳ್ಳೋಣ.

ಇಂಥ ಸಂದರ್ಭದಲ್ಲಿ ಸಾಲದ ಬಗ್ಗೆ ಸರ್ವಜ್ಞನ ತ್ರಿಪದಿಯೊಂದನ್ನು ಹೇಳಿ ಮುಂದುವರಿಯುವುದು ವಾಡಿಕೆ. ನಾನು ಹೇಳುವುದಿಲ್ಲ. ಅದು ಇಲ್ಲಿರುವ ಎಲ್ಲರಿಗೂ ಬಾಯಿಪಾಠ. ಯಾರೊಬ್ಬರ ಸ್ಟೇಟ್‌ಮೆಂಟಿನಲ್ಲೂ ಅದರ ಪರಿಣಾಮ ಕಂಡಿಲ್ಲ.

ರಾಯರ ಜೀವನ, ಸಾಧನೆ ಪರಿಚಯಿಸಬೇಕು. ಬಾಲ್ಯ ಬೇಡ, ಎಲ್ಲರದೂ ಒಂದೇ. ಸಾಧನೆ ಶುರುವಾಗುವುದು ಕಾರ್ಡು ಬಂದ ಮೇಲೆ. ಫ್ರಿಜ್ಜು ಬಂತು, ಮಗಳ ಲ್ಯಾಪ್‌ಟಾಪು ಬಂತು, ತಿರುಪತಿಗೆ ಹೋಗಿಬಂದದ್ದಾಯಿತು, ಭಾವಮೈದುನನ ಗೃಹಪ್ರವೇಶಕ್ಕೆ ಬೆಳ್ಳಿ ದೀಪ ಹೋಯಿತು. ಪ್ರತಿ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಎರಡು ಮೊತ್ತ ಇರುತ್ತವೆ: ಟೋಟಲ್ ಡ್ಯೂ, ಮಿನಿಮಮ್ ಡ್ಯೂ. ರಾಯರು ಸಾತ್ವಿಕರು, ಕನಿಷ್ಠದಲ್ಲೇ ತೃಪ್ತರು.

ಆ ತೃಪ್ತಿಯ ಲೆಕ್ಕವನ್ನು ಅವರ ಅನುಮತಿ ಪಡೆದೇ ಇಲ್ಲಿ ಬಿಚ್ಚಿಡುತ್ತಿದ್ದೇನೆ. ಬಾಕಿ 1,20,000 ರೂಪಾಯಿ. ಬಡ್ಡಿ ತಿಂಗಳಿಗೆ ಶೇ. 3.75. ಕೇಳಲು ಎಷ್ಟು ಹಿತ! ವರ್ಷಕ್ಕೆ ಶೇ. 45 ಎಂದಾಗ ಮಾತ್ರ ಮೀಟರ್ ಬಡ್ಡಿಯವನ ನೆನಪಾಗಿ ಎದೆ ಧಸಕ್ಕೆನ್ನುತ್ತದೆ. ತಿಂಗಳ ಬಡ್ಡಿ 4,500. ಆ ಬಡ್ಡಿಯ ಮೇಲೆ ಶೇ. 18ರಂತೆ ಜಿಎಸ್‌ಟಿ 810. ಮನೆ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಚಿನ್ನದ ಸಾಲದ ಬಡ್ಡಿಗೂ ಇಲ್ಲ. ಕಾರ್ಡಿನ ಬಡ್ಡಿಗೆ ಸರ್ಕಾರ ಈ ವಿಶೇಷ ಗೌರವ ಕೊಟ್ಟಿದೆ. ಒಟ್ಟು 5,310. ರಾಯರು ನಿಷ್ಠೆಯಿಂದ ಕಟ್ಟಿದ್ದು ಶೇ. 5, ಅಂದರೆ 6,000. ಸಾಲ ಇಳಿದದ್ದು 690 ರೂಪಾಯಿ. ಅದೇ ವಾರ ಪೆಟ್ರೋಲಿಗೆ ಅದೇ ಕಾರ್ಡು ಉಜ್ಜಿದ್ದರಿಂದ ಅದೂ ಇಳಿಯಲಿಲ್ಲ. ಹಳೆಯ ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೆ ಬಡ್ಡಿಯಿಲ್ಲದ ದಿನಗಳೇ ಇರುವುದಿಲ್ಲ, ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ ಎಂಬುದು ಅವರಿಗೆ ಗೊತ್ತಾದದ್ದು ಮೊನ್ನೆ ಮೊನ್ನೆ.

ಇದು ನ್ಯಾಯವೇ ಎಂದು ಹಿಂದಿನ ಸಾಲಿನಲ್ಲಿ ವಕೀಲರೊಬ್ಬರು ಗೊಣಗುತ್ತಿರುವುದು ಕೇಳಿಸಿತು. ಶೇ. 30 ಮೀರಿದ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಆದ್ದರಿಂದ ವಕೀಲರು ಕುಳಿತುಕೊಳ್ಳಬೇಕು.

ಹೀಗಿರುವಾಗ ಒಂದು ಮಧ್ಯಾಹ್ನ ರಾಯರ ಫೋನಿನಲ್ಲಿ ಜೇನು ಸುರಿಯಿತು. ನಿಮ್ಮ ಬಾಕಿಯನ್ನು ನಮ್ಮ ಕಾರ್ಡಿಗೆ ವರ್ಗಾಯಿಸಿ, ಕೆಲವು ತಿಂಗಳು ಬಡ್ಡಿ ಒಂದು ಚಿಲ್ಲರೆ ಶೇಕಡಾ ಮಾತ್ರ, ನೀವು ಪ್ರೀ-ಅಪ್ರೂವ್ಡ್ ಸರ್. ಪ್ರೊಸೆಸಿಂಗ್ ಶುಲ್ಕ ಉಂಟು, ಅವಧಿ ಮುಗಿದ ಮೇಲೆ ಬಡ್ಡಿ ಮತ್ತೆ ಹಳೆಯ ಎತ್ತರಕ್ಕೇ ಏರುತ್ತದೆ ಎಂಬ ಭಾಗವನ್ನು ಆ ಕಂಠ ತುಸು ಅವಸರದಲ್ಲಿ ಹೇಳಿತು. ರಾಯರು ಪ್ಯಾನ್ ಕೊಟ್ಟರು, ಸಂಬಳದ ಚೀಟಿ ಕೊಟ್ಟರು, ಸೆಲ್ಫಿ ಕೊಟ್ಟರು. ಮೂರನೇ ದಿನ ತಿರಸ್ಕಾರ. ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕಿ, ಉಪ್ಪು ಬಡಿಸಿ, ಅನ್ನ ಬರುವ ಹೊತ್ತಿಗೆ ಎಬ್ಬಿಸಿದ ಹಾಗೆ.

ತಿರಸ್ಕಾರ ಇಲ್ಲಿ ಅನೇಕರಿಗೆ ಆಗಿದೆ, ಕೈ ಎತ್ತಿಸಿ ಮುಜುಗರ ಮಾಡುವುದಿಲ್ಲ. ರಾಯರಿಗೆ ಸನ್ಮಾನ ನಡೆಯುತ್ತಿರುವುದು ಆಮೇಲೆ ಅವರು ಮಾಡದೆ ಬಿಟ್ಟ ಒಂದು ಕೆಲಸಕ್ಕೆ. ಮುಖಭಂಗವಾದ ಗಂಡಸು ಏನು ಮಾಡುತ್ತಾನೆ? ಇವನಲ್ಲದಿದ್ದರೆ ಇವನಪ್ಪ ಎಂದು ಇನ್ನೊಂದು ಬ್ಯಾಂಕಿನ ಆ್ಯಪ್ ತೆರೆಯುತ್ತಾನೆ. ಅಲ್ಲೂ ಆಗದಿದ್ದರೆ ಮತ್ತೊಂದು. ಒಂದೊಂದು ಅರ್ಜಿಗೂ ಒಂದೊಂದು ಬ್ಯಾಂಕು ಸಿಬಿಲ್‌ನಲ್ಲಿ ಇಣುಕುತ್ತದೆ, ಇಣುಕಿದ್ದು ದಾಖಲಾಗುತ್ತದೆ. ನಾಲ್ಕನೆಯವನು ಹಿಂದಿನ ಮೂವರ ಇಣುಕು ನೋಡಿ, ಈತನಿಗೆ ದುಡ್ಡಿನ ಹಪಹಪಿ ಜಾಸ್ತಿ ಎಂದು ಬಾಗಿಲು ಹಾಕಿಕೊಳ್ಳುತ್ತಾನೆ. ಇದ್ದ ಅಂಕವೂ ಇಳಿಯುತ್ತದೆ. ರಾಯರು ಎರಡನೇ ಆ್ಯಪ್ ತೆರೆದದ್ದು ನಿಜ. ಒಟಿಪಿ ಬರುವ ಹೊತ್ತಿಗೆ ಫೋನು ಧರ್ಮಪತ್ನಿಯವರ ಕೈಯಲ್ಲಿತ್ತು. ಈ ಸನ್ಮಾನದ ಅರ್ಧ ಭಾಗ ಅವರಿಗೇ ಸಲ್ಲಬೇಕು. ಬಜೆಟ್ಟಿನ ಕಾರಣ ಹಾರ ಒಂದೇ ತಂದಿದ್ದೇವೆ.

ಆಮೇಲಿನ ಪರಾಕ್ರಮ ಪತ್ರ ಬರೆದದ್ದು. ಕ್ರೆಡಿಟ್ ಕಾರ್ಡಿನ ಅರ್ಜಿ ತಿರಸ್ಕರಿಸಿದರೆ ನಿರ್ದಿಷ್ಟ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕು ತನ್ನ ನಿರ್ದೇಶನದಲ್ಲಿ ಬರೆದಿಟ್ಟಿದೆ. ಬಂದ ಉತ್ತರ, 'ಆಂತರಿಕ ನೀತಿಯ ಅನ್ವಯ'. ಅದು ಕಾರಣವಲ್ಲ, ಕೆಮ್ಮು. ರಾಯರು ಮತ್ತೆ ಬರೆದರು. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗುತ್ತೇನೆ ಎಂಬ ಸಾಲೊಂದನ್ನು ವಿನಯಪೂರ್ವಕವಾಗಿ ಸೇರಿಸಿದರು. ಕೆಮ್ಮು ನಿಂತು ಮಾತು ಹೊರಬಿತ್ತು: ಈಗಿರುವ ಕಾರ್ಡಿನ ಮಿತಿ ಬಹುಪಾಲು ಬಳಕೆಯಾಗಿದೆ; ಇನ್ನೊಂದು ಸಾಲದಲ್ಲಿ ಕಂತು ತಪ್ಪಿದೆ.

ಇನ್ನೊಂದು ಸಾಲವೇ? ರಾಯರು ತಬ್ಬಿಬ್ಬು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ನಮ್ಮ ಸಾಲಗಳ ಜಾತಕ ಬರೆದಿಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಅಂಕವೇನೂ ಇಳಿಯುವುದಿಲ್ಲ. ಆದರೂ 300ರಿಂದ 900ರ ನಡುವಿನ ಆ ಒಂದು ಅಂಕಿಯನ್ನು ನೋಡಿ, ನಿಟ್ಟುಸಿರು ಬಿಟ್ಟು, ಫೈಲು ಮುಚ್ಚುವವರೇ ಹೆಚ್ಚು. ರಾಯರು ಪುಟ ತಿರುವಿದರು. ಐದನೇ ಪುಟದಲ್ಲಿ ಭಾವಮೈದುನ ಸಿಕ್ಕಿದ. ಗೂಡ್ಸ್ ಗಾಡಿಯ ಸಾಲಕ್ಕೆ 'ಸುಮ್ಮನೆ ಒಂದು ಸೈನು ಭಾವ' ಎಂದು ಹಾಕಿಸಿಕೊಂಡಿದ್ದ ಜಾಮೀನು, ಅವನು ತಪ್ಪಿಸಿದ ಕಂತುಗಳ ಸಮೇತ ಅಲ್ಲಿ ಹಾಜರಿತ್ತು. ಅದರ ಕೆಳಗೆ, ತೀರಿಸಿ ಎಷ್ಟೋ ಕಾಲವಾದ ಸ್ಕೂಟರ್ ಸಾಲ ಇನ್ನೂ ಉಸಿರಾಡುತ್ತಿತ್ತು. ಮೊದಲನೆಯದಕ್ಕೆ ಔಷಧ ಮಾವನ ಮನೆಯಲ್ಲೇ ಹುಡುಕಬೇಕು, ನಾನು ಮಧ್ಯೆ ಬರುವುದಿಲ್ಲ. ಎರಡನೇ ಸಾಲಿನಿಂದ ಬರುತ್ತಿರುವ ನೋಟದ ಅರ್ಥ ನನಗಾಗುತ್ತಿದೆ. ಎರಡನೆಯದಕ್ಕೆ ಆನ್‌ಲೈನಿನಲ್ಲೇ ತಕರಾರು ಸಲ್ಲಿಸಬಹುದು. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಇಷ್ಟೂ ವ್ಯವಹಾರದಲ್ಲಿ ರಾಯರ ಕಡೆಗೆ ನಾಲ್ಕು ಕಾಸು ಬರುವ ಸಂಭವವಿದ್ದದ್ದು ಇಲ್ಲೊಂದೇ ಕಡೆ. ದುರದೃಷ್ಟ, ಗಡುವಿನೊಳಗೇ ಸರಿಪಡಿಸಿಬಿಟ್ಟರು.

ಇತ್ತ 1,20,000 ಹಾಗೇ ಕುಳಿತಿದೆ. ಹೊಸ ಕಾರ್ಡು ಸಿಗಲಿಲ್ಲವೆಂದು ಹಳೆಯ ಬಡ್ಡಿಯೇನೂ ಶೋಕಾಚರಣೆಯ ರಜೆ ಹಾಕುವುದಿಲ್ಲ. ಹಳೆಯ ಬ್ಯಾಂಕಿಗೇ ಫೋನು ಮಾಡಿ ಬಾಕಿಯನ್ನು ಇಎಂಐ ಮಾಡಿಕೊಡಿ ಎಂದರೆ ಎಷ್ಟೋ ಸಲ ಒಪ್ಪುತ್ತಾರೆ, ಬಡ್ಡಿ ಅರ್ಧಕ್ಕೆ ಇಳಿಯುವುದೂ ಉಂಟು. ಕೇಳುವವರೇ ಕಡಿಮೆ. ಅಪರಿಚಿತ ಬ್ಯಾಂಕಿನ ಮುಂದೆ ಪ್ಯಾನ್ ಹಿಡಿದು ನಿಲ್ಲಲು ನಾಚದವರು ಪರಿಚಿತ ಬ್ಯಾಂಕಿನ ಮುಂದೆ ಬಾಯಿ ಬಿಡಲು ನಾಚುತ್ತಾರೆ.

ರಾಯರ ಮನೆಯಲ್ಲಿ ಮಾತು ಬಳೆಯ ಕಡೆಗೆ ಹೊರಳಿತು. ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟರೆ ವರ್ಷಕ್ಕೆ ಶೇ. 10ರ ಆಸುಪಾಸು. ತಿಂಗಳಿಗೆ 5,310 ಹೋಗುತ್ತಿದ್ದಲ್ಲಿ ಸುಮಾರು 1,000. ಅಸಲು ಕಟ್ಟದೆ ಕೈಚೆಲ್ಲಿದರೆ ಬಳೆ ಹರಾಜಿಗೆ ಹೋಗುತ್ತದೆ, ಅದರಲ್ಲಿ ತಮಾಷೆಯಿಲ್ಲ. ಅದಕ್ಕೇ ಒಡತಿಯವರು ಎರಡು ಷರತ್ತು ಹಾಕಿದರು: ವರಮಹಾಲಕ್ಷ್ಮಿ ಹಬ್ಬದೊಳಗೆ ಬಳೆ ಮನೆಗೆ ಬರಬೇಕು, ಅಲ್ಲಿಯವರೆಗೆ ಕಾರ್ಡು ಅಕ್ಕಿ ಡಬ್ಬದಲ್ಲಿರಬೇಕು. ಯಾವ ಸಾಲಪತ್ರದಲ್ಲೂ ಇಷ್ಟು ಸ್ಪಷ್ಟವಾದ ಭಾಷೆಯನ್ನು ನಾನು ಓದಿಲ್ಲ.

ಇನ್ನಿಬ್ಬರು ಮಹನೀಯರನ್ನು ನಾವು ಬೇಕೆಂದೇ ಆಹ್ವಾನಿಸಿಲ್ಲ. ಒಬ್ಬರು, 'ಅರ್ಧ ಕಟ್ಟಿ, ಸೆಟಲ್ ಮಾಡಿಸಿಕೊಡ್ತೀನಿ' ಎನ್ನುವವರು. ವರದಿಯಲ್ಲಿ 'ಸೆಟಲ್ಡ್' ಎಂದು ಬಿದ್ದರೆ ಅದನ್ನು ಯಾವ ಬ್ಯಾಂಕೂ 'ಕ್ಲೋಸ್ಡ್' ಎಂದು ಓದಿಕೊಳ್ಳುವುದಿಲ್ಲ. ಇನ್ನೊಬ್ಬರು ವಾಟ್ಸ್‌ಆ್ಯಪಿನಲ್ಲಿ ವಾರದೊಳಗೆ ಸಿಬಿಲ್ ಏರಿಸಿಕೊಡುವವರು. ಅವರ ಬಗ್ಗೆ ವೇದಿಕೆಯಿಂದ ಆಡಬಹುದಾದ ಶಬ್ದಗಳು ನನ್ನ ಬಳಿ ಇಲ್ಲ.

ಈಗ ಬಿನ್ನವತ್ತಳೆ. ಗೌರವಾರ್ಥ ಎದ್ದು ನಿಲ್ಲಬೇಡಿ, ಕುರ್ಚಿಗಳು ಮುರುಕಲು.

"ಎಲೈ ಋಣಧುರಂಧರರೇ! ಪ್ರೀ-ಅಪ್ರೂವ್ಡ್ ಎಂದು ಕರೆಸಿಕೊಂಡು ಪೋಸ್ಟ್-ರಿಜೆಕ್ಟೆಡ್ ಆದ ಧೀರರೇ! ರಿವಾರ್ಡ್ ಪಾಯಿಂಟಿನ ಆಸೆಗೆ ಬೇಡದ ಟೋಸ್ಟರ್ ಕೊಂಡು, ಆ ಟೋಸ್ಟರಿನ ಬೆಲೆಗಿಂತ ಹೆಚ್ಚು ಬಡ್ಡಿ ತೆತ್ತ ದಾನಶೂರರೇ! ತಿರಸ್ಕಾರಪತ್ರವನ್ನು ಹರಿದೆಸೆಯದೆ ಮಡಿಸಿಟ್ಟು, ಕಾರಣ ಕೇಳಿದ ತಮ್ಮ ಧೈರ್ಯವನ್ನು ಮೆಚ್ಚಿ, ತಮಗೆ 'ಮಿನಿಮಮ್ ಡ್ಯೂ ಮುಕ್ತ' ಎಂಬ ಬಿರುದನ್ನು, ಮುಂದಿನ ಆರು ಸ್ಟೇಟ್‌ಮೆಂಟುಗಳನ್ನು ಪರಿಶೀಲಿಸಿದ ನಂತರ ಖಾಯಂ ಮಾಡುವ ಷರತ್ತಿನೊಂದಿಗೆ, ತಾತ್ಕಾಲಿಕವಾಗಿ ಪ್ರದಾನ ಮಾಡುತ್ತಿದ್ದೇವೆ."

ಚಪ್ಪಾಳೆ ಸಾಕು. ಇದೀಗ ಒಂದು ಚೀಟಿ ಬಂದಿದೆ. ಸಭಾಂಗಣದ ಬಾಗಿಲಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಟ್ಯಾಬ್ ಹಿಡಿದು, ಹೊರಗೆ ಬರುವವರಿಗೆಲ್ಲ ಉಚಿತ ಟ್ರಾಲಿ ಬ್ಯಾಗು ಎನ್ನುತ್ತಿದ್ದಾನಂತೆ. ಅವನು ಕಾರ್ಯಕ್ರಮದ ಪ್ರಾಯೋಜಕನಲ್ಲ, ಯಾರೂ ಪ್ಯಾನ್ ನಂಬರು ಕೊಡಬಾರದು. ರಾಯರೇ, ನೀವು ಹಿಂಬಾಗಿಲಿನಿಂದ ಹೊರಡಿ.