ನಾಲ್ಕು ಸೈಟು, ಒಂದೇ ಮಳೆ

ರಾಯರು: ಶೆಟ್ರೇ, ಬೆಂಗಳೂರಲ್ಲಿ ಇಂಥಾ 40×60 ಸೈಟನ್ನ ಹೋಳು ಮಾಡಿಸ್ತಿದ್ದೀರಂತೆ?

ಶೆಟ್ಟರು: ಹೂಂ, 20×30ರ ನಾಲ್ಕು. ನಾಲ್ವರು ಮಕ್ಕಳಲ್ವೇ, ನಾಳೆ ಜಗಳ ಬೇಡ.

ರಾಯರು: ಒಂದಿಂಚು ಮಳೆ ಬಿದ್ರೆ ಆ 2,400 ಚದರಡಿಗೆ ಸುಮಾರು 5,600 ಲೀಟರ್ ನೀರು. ಇಷ್ಟು ದಿನ ತೆಂಗಿನ ಬುಡ ಕುಡೀತಿತ್ತು. ಮುಂದೆ?

ಶೆಟ್ಟರು: ತೆಂಗು ಕಡಿಸ್ತೀನಿ. ಅಲ್ಲಿ ಕಾರು ನಿಲ್ಲಬೇಕು.

ರಾಯರು: ಮಳೆಕೊಯ್ಲಾದ್ರೂ ಮಾಡಿಸಿ.

ಶೆಟ್ಟರು: ಹೊಸ ಮನೆಗೆ ಆ ನಿಯಮ 1,200 ಚದರಡಿಯಿಂದ ಶುರು. ನಮ್ಮವು ತಲಾ 600. ನಾನು ಕಾನೂನಿಗೆ ತಲೆಬಾಗೋನು!

ರಾಯರು: ನೀರು ಇಳಿಜಾರಿಗಷ್ಟೇ ತಲೆಬಾಗುತ್ತೆ. ಅಲ್ಲಿರೋದು ನಮ್ಮನೆ ಸಂಪು.

ಶೆಟ್ಟರು: ಹಿಂದೆ ರಾಜಕಾಲುವೆ ಇದೆಯಲ್ಲ?

ರಾಯರು: ಇತ್ತು. ಅದನ್ನೂ ಯಾರೋ ಸೈಟು ಮಾಡಿ ಮಾರಿದ್ರು.

ಶೆಟ್ಟರು: ಛೆ, ಅನ್ಯಾಯ! ನಂಗೊಂದು ಮಾತು ಹೇಳಬಾರದಿತ್ತೇ? ಚದರಡಿ ಎಷ್ಟಕ್ಕೆ ಹೋಯ್ತು?